ಹದಿನಾಲ್ಕರ ಸ್ಪ್ಯಾನರ್ ಎಲ್ಲಿ

ಶಾಮಿಯಾನದ ಕಂಬ ಮೂರು ಕಟ್ಟಿ ನೋಡಿದೆವು ಮೊದಲು.
ಇಂಜಿನ್ನು ಗೇಣುದ್ದ ಮೇಲೆದ್ದಿತೋ ಇಲ್ಲವೋ
ಒಂದು ಕಂಬ ಮಂಡಿಯೂರಿತು.
ಜಬೀವುಲ್ಲಾ ನಕ್ಕ. ಅಕ್ಕಾ, ಇದು ಮದುವೆಗೆ ನಿಲ್ಲೋ ಕಂಬ,
ಹೆಣಭಾರಕ್ಕಲ್ಲ.

ಬೋರ್‌ವೆಲ್ ಮೋಟಾರು ಎತ್ತುವವರ ಮುಕ್ಕಾಲಿ ತಂದೆವು,
ಸರಪಳಿ, ರಾಟೆ ಸಮೇತ ದಿನಕ್ಕೆ ಆರುನೂರು.
ಊರಿಗೆಲ್ಲ ಬಾಡಿಗೆ ಕೊಟ್ಟೇ ಬದುಕಿದ ಮನೆ ನಮ್ಮದು,
ಕುರ್ಚಿ, ಹಂಡೆ, ಜಮಖಾನ.
ಬಾಡಿಗೆ ತೆರುವಾಗ ಮಾತ್ರ ಕೈ ಯಾಕೋ ಹಿಂಜರಿಯಿತು.

ಸುಂಕದಕಟ್ಟೆಯ ಇಪ್ಪತ್ತಡಿ ರಸ್ತೆ.
ಅರ್ಧ ಜೀಪು ಕಾಂಪೌಂಡಿನೊಳಗೆ, ಅರ್ಧ ಹೊರಗೆ,
ಬಾನೆಟ್ಟಿಲ್ಲದ ಬೋಳು ಮೂತಿ.
ಕಸದ ಆಟೋ ಬೈದುಕೊಂಡು ಹಿಂದಕ್ಕೆ ಹೋಯಿತು.
ಎದುರುಮನೆ ಮೇಷ್ಟ್ರು ಸ್ಕೂಟರನ್ನು ಓರೆ ಮಾಡಿ ದಾಟಿಸಿ
ಅಲ್ಲೇ ನಿಂತುಬಿಟ್ಟರು, ಸಲಹೆ ಕೊಡಲು.

ಜಗಲಿಯ ಮೇಲೆ ಅತ್ತೆ ಅಕ್ಕಯ್ಯಮ್ಮ
ನೆನೆಸಿದ ಅವರೆಕಾಳು ಹಿದುಕುತ್ತಿದ್ದಾಳೆ.
ಸೊಗಡು ಒಂದು ಕಡೆಯಿಂದ, ಡೀಸೆಲ್ಲು ಇನ್ನೊಂದು ಕಡೆಯಿಂದ,
ಧನುರ್ಮಾಸದ ಚಳಿ ಎರಡನ್ನೂ ನೆಲಕ್ಕೇ ಹಿಡಿದಿದೆ.
ಅವಳ ತಟ್ಟೆಯ ಪಕ್ಕ ಅಂಥದೇ ಇನ್ನೊಂದು ಬಾಡಿಗೆ ತಟ್ಟೆ,
ತುಂಬ ನಟ್ಟು, ಬೋಲ್ಟು, ವಾಷರು.
ಹದಿನಾಲ್ಕರ ಸ್ಪ್ಯಾನರ್ ಎಲ್ಲೀ ಅಂತ ಜಬೀ ಕೂಗಿದರೆ
ಸಿಪ್ಪೆ ರಾಶಿಯಲ್ಲಿ ಕೈಯಾಡಿಸುತ್ತಾಳೆ ಅತ್ತೆ.
ಸಿಕ್ಕಿತು ಕೂಡ.

ಹಳೆಯದು ಬಂತು.
ಬರೋದಿಲ್ಲ ಬರೋದಿಲ್ಲ ಅನ್ನುತ್ತಲೇ ಬಂತು,
ಕೊನೆಯ ರಬ್ಬರು ಚಟ್ಟನೆ ಹರಿದು,
ತೂಗಾಡುತ್ತ, ಕರಿಎಣ್ಣೆ ತೊಟ್ಟಿಕ್ಕುತ್ತ.
ಹದಿನೆಂಟು ವರ್ಷ ನಾನು ಕೂತು ಕೇಳಿದ ಸದ್ದು
ಸದ್ದಿಲ್ಲದೆ ನನ್ನ ಎದೆಮಟ್ಟಕ್ಕೆ ನಿಂತಿತು.
ಎಷ್ಟು ಚಿಕ್ಕದು!
ಇಷ್ಟೇನಾ, ಮಾಗಡಿ ರಸ್ತೆಯ ಏರಿನಲ್ಲಿ
ಮುನ್ನೂರು ಕುರ್ಚಿ ಎಳೆದದ್ದು?
ಸಂಜೆ ಗುಜರಿಯವನು ತಕ್ಕಡಿಗೆ ಹಾಕಿದ.
ಗ್ರೀಸಿಗೆ ಅಂತ ಮೂರು ಕೆಜಿ ಕಳೆದ.

ಹೊಸದೂ ಹೊಸದಲ್ಲ.
ಕಲಾಸಿಪಾಳ್ಯದ ಗಲ್ಲಿಯಿಂದ ತಂದದ್ದು.
ಯಾವ ಊರಿನ ಜೀಪೋ, ಹೇಗೆ ಸತ್ತಿತೋ
ಅಂಗಡಿಯವನು ಹೇಳಲಿಲ್ಲ, ನಾನೂ ಕೇಳಲಿಲ್ಲ.
ಆರ್‌ಟಿಓದವರಿಗೆ ನಂಬರಿನ ಪೆನ್ಸಿಲ್ ಅಚ್ಚು ಬೇಕಂತೆ.
ಬ್ಲಾಕಿನ ಪಕ್ಕಕ್ಕೆ ಟಾರ್ಚು ಬಿಟ್ಟರೆ ಅಂಕಿಯೇ ಇಲ್ಲ.
ಕುಂಕುಮ ಎಣ್ಣೆ ಕುಡಿದು ಹಕ್ಕಳೆಗಟ್ಟಿದೆ,
ವರ್ಷದ ಮೇಲೆ ವರ್ಷ.
ಸಮತಟ್ಟು ಜಾಗ ಅದೊಂದೇ ನೋಡಿ,
ಯಾರೋ ಪ್ರತಿ ಆಯುಧಪೂಜೆಗೂ
ಅಲ್ಲಿಗೇ ಹೆಬ್ಬೆರಳೊತ್ತಿದ್ದಾರೆ.

ಜಬೀ ಬಟ್ಟೆಯನ್ನು ಸೀಮೆಎಣ್ಣೆಗದ್ದಿ ನನ್ನ ಕೈಗಿಟ್ಟ.
ನೀವೇ ಒರೆಸಿ ಅಕ್ಕಾ.
ಒರೆಸಿದೆ. ಬಟ್ಟೆ ಕೆಂಪಾಯಿತು, ಉಗುರಿನ ಸಂದು ಕೆಂಪಾಯಿತು,
ಅತ್ತೆ ನೋಡಿಯೂ ನೋಡದ ಹಾಗೆ ಹಿದುಕುತ್ತಿದ್ದಳು.
ಒಂದೊಂದೇ ಅಂಕಿ ಎದ್ದವು.
ಒಂದು ಮೂರೋ ಎಂಟೋ ತಿಳಿಯಲಿಲ್ಲ.
ಮಗಳು ಇಂಚರ ಕಾಗದ ಒತ್ತಿಹಿಡಿದು
ಸ್ಕೂಲಿನ ಪೆನ್ಸಿಲು ಮಲಗಿಸಿ ಉಜ್ಜಿ
ಬೆಳಕಿಗೆ ಹಿಡಿದು
ಎಂಟು, ಅಂದಳು.

ಭಾನುವಾರ ರಾತ್ರಿ ಒಂಬತ್ತೂಮುಕ್ಕಾಲು.
ಗುರುವಾರ ನಾಗರಭಾವಿಯಲ್ಲಿ ನಾಮಕರಣ, ಮುಂಗಡ ಖರ್ಚಾಗಿದೆ.
ಕೀ ತಿರುವಿದೆ.
ಮೂರು ಸಲ ಕೆಮ್ಮಿ, ಬಿಳಿ ಹೊಗೆ ಉಗಿದು,
ಬೀದಿನಾಯಿಯನ್ನೆಬ್ಬಿಸಿ,
ಹಿಡಿದುಕೊಂಡಿತು.
ತಟ್ಟೆಯಲ್ಲಿ ಒಂದು ವಾಷರು ಉಳಿದಿತ್ತು,
ಜಬೀ ಅದನ್ನು ಜೇಬಿಗೆ ಹಾಕಿಕೊಂಡ.

ಬೇಳೆಸಾರಿಗೆ ಒಗ್ಗರಣೆ ಹಾಕುತ್ತಿದ್ದ ಅತ್ತೆ
ಒಳಗಿಂದಲೇ ಕೂಗಿದಳು,
ಯಾರ ಗಾಡಿ ಬಂತು ನೋಡೇ.

ನಮ್ದೇ, ಅಂದೆ.
ಎರಡು ಸಲ ಹೇಳಬೇಕಾಯಿತು.